ಮೂರು ಕೆರೆಗಳ ತಳ ನೋಡಿ ಬಂದದ್ದು

ಮಂಗಳವಾರ ಬೆಳಿಗ್ಗೆ ಆರೂವರೆಗೆ ನರಿಮೊಗರಿನಲ್ಲಿ ಬಸ್ಸು ಹತ್ತಿದೆವು. ನಾವು ಅಂದರೆ ನಾನು, ನನ್ನ ಮಗಳ ಮಗಳು ಶಮೀಮಾ, ಎರಡು ಅಡಿ ಉದ್ದದ ಒಂದು ಪ್ಲಾಸ್ಟಿಕ್ ಪೈಪು, ಮೂರು ಜರಡಿ, ಒಂದು ಬಿಳಿ ಟ್ರೇ ಮತ್ತು ಒಂದು ಚೀಲ ತುಂಬ ಖಾಲಿ ಬಾಟಲಿ. ಕಂಡಕ್ಟರ್ ಪೈಪು ನೋಡಿ ಕೇಳಿದ, "ಅಜ್ಜಿ, ನಳ್ಳಿ ರಿಪೇರಿಗೆ ಹೊರಟದ್ದಾ?"

"ಅಲ್ಲ, ಕೆರೆಯ ಹೊಟ್ಟೆ ನೋಡ್ಲಿಕ್ಕೆ" ಎಂದೆ.

ಸರಕಾರಿ ಬಸ್ಸಿನಲ್ಲಿ ಈಗ ಹೆಂಗಸರಿಗೆ ದುಡ್ಡಿಲ್ಲ. ಆಧಾರ್ ಕಾರ್ಡು ತೋರಿಸಿದರೆ ಸೊನ್ನೆಯ ಚೀಟಿ ಹರಿದು ಕೊಡುತ್ತಾರೆ. ಪೈಪಿಗೆ ಟಿಕೆಟ್ ಕೇಳಲಿಲ್ಲ.

ಶಮೀಮಾ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಾಳೆ. ಆಳ ಇಲ್ಲದ ಕೆರೆಗಳ ತಳದಲ್ಲಿ, ಕೆಸರಿನೊಳಗೆ, ಯಾವ ಯಾವ ಪ್ರಾಣಿ ಇದೆ, ಅದರಲ್ಲಿ ಯಾರು ಯಾರನ್ನು ತಿನ್ನುತ್ತಾರೆ ಎಂಬುದು ಅವಳ ವಿಷಯ. ಮೊದಲು ಕೇಳಿದಾಗ ನಾನು ನಕ್ಕಿದ್ದೆ. ಕೆಸರು ತುಳಿದು ತುಳಿದು ನನ್ನ ಹಿಮ್ಮಡಿ ಒಡೆದು ಹೋಗಿದೆ. ಅದರಲ್ಲಿ ಕಲಿಯುವಂಥದ್ದು ಏನಾದರೂ ಇದ್ದಿದ್ದರೆ ನನಗೆ ಯಾವಾಗಲೋ ಗೊತ್ತಾಗಬೇಕಿತ್ತು ಎಂದುಕೊಂಡಿದ್ದೆ. ಬೆಟ್ಟಂಪಾಡಿಯಲ್ಲಿ ಒಂದು ಕೆರೆ, ಐವರ್ನಾಡಿನಲ್ಲಿ ಒಂದು, ಕಡಬದಿಂದ ಆಚೆ ನೆಲ್ಯಾಡಿ ಕಡೆಗೆ ಒಂದು. ಮಳೆ ಬಿಟ್ಟ ಮೇಲೆ ಒಮ್ಮೆ, ಚಳಿಯಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಮೂರೂ ಕೆರೆಯ ಕೆಸರು ತೆಗೆಯಬೇಕು. ಎರಡು ಸಲ ಆಗಿತ್ತು. ಇದು ಕೊನೆಯದು. ಒಂದು ಕೆರೆ ತಪ್ಪಿದರೂ ವರ್ಷದ ಕೆಲಸ ಹಾಳು, ಮತ್ತೆ ಮಳೆಗಾಲ ಕಳೆದು ಮೊದಲಿನಿಂದ ಶುರು ಮಾಡಬೇಕು. ಅಲ್ಲಿಯವರೆಗೆ ಕಾಲೇಜಿನವರು ಅವಳಿಗೆ ಸಮಯ ಕೊಟ್ಟಿಲ್ಲ.

ಜೊತೆಗೆ ಬರುತ್ತಿದ್ದ ಗೆಳತಿಗೆ ಜ್ವರ. ಒಬ್ಬಳೇ ಹುಡುಗಿ ಕೆರೆಗೆ ಇಳಿದರೆ ದಡದಲ್ಲಿ ಒಬ್ಬರು ಬೇಡವೇ? ಹಾಗೆ ನಾನು ಹೊರಟದ್ದು. ನಾವು ನಮ್ಮೊಳಗೆ ಬ್ಯಾರಿ ಭಾಷೆ ಮಾತಾಡುವುದು. ನಾನು ಐದನೇ ಕ್ಲಾಸಿನವರೆಗೆ ಕಲಿತದ್ದು ಕನ್ನಡದಲ್ಲಿ. ಅದಕ್ಕೆ ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ಪುತ್ತೂರಿನಲ್ಲಿ ಬಸ್ಸು ಬದಲಿಸುವ ಮೊದಲು ಎರಡು ಬನ್ಸ್, ಒಂದು ಚಾ. ಬನ್ಸ್ ಬಿಸಿ ಇತ್ತು, ಚಾ ಬರೇ ಸಕ್ಕರೆ. ಎಂಟು ಗಂಟೆಗೆಲ್ಲ ಬೆಟ್ಟಂಪಾಡಿ. ಬಸ್ಸು ಇಳಿದು ಅರ್ಧ ಮೈಲು ನಡೆದರೆ ಕೆರೆ. ಹೆಸರಿಗೆ ದೊಡ್ಡ ಕೆರೆ. ಬೇಸಿಗೆಯಲ್ಲಿ ಶಮೀಮಾನ ಸೊಂಟದವರೆಗೆ ಮಾತ್ರ ನೀರು. ಅವಳು ಚೂಡಿದಾರದ ಮೇಲೆ ಒಂದು ಹಳೇ ಅಂಗಿ ಹಾಕಿ, ತಲೆವಸ್ತ್ರವನ್ನು ಬಿಗಿಯಾಗಿ ಕಟ್ಟಿ ಇಳಿದಳು. ಪೈಪನ್ನು ಕೆಸರಿಗೆ ಒತ್ತಿ, ಮೇಲಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ಎಳೆದರೆ ಕೊಳವೆಯಲ್ಲಿ ಬೇಯಿಸಿದ ಪುಟ್ಟು ಬರುವ ಹಾಗೆ ಕೆಸರು ಉದ್ದಕ್ಕೆ ಬರುತ್ತದೆ. ಮೂರು ಜಾಗದಿಂದ ಹಾಗೆ ತೆಗೆದಳು. ಜಾಗವೂ ಪ್ರತಿ ಸಲ ಅದೇ ಆಗಬೇಕಂತೆ. ಇಲ್ಲಿ ಅಳತೆ, ಅಲ್ಲಿ ಗುರುತು, ಪುಸ್ತಕದಲ್ಲಿ ನಕ್ಷೆ. ಮನೆಯಲ್ಲಿ ತನ್ನ ಚಪ್ಪಲಿ ಎಲ್ಲಿದೆ ಅಂತ ಗೊತ್ತಿಲ್ಲದ ಹುಡುಗಿ!

ದಡದಲ್ಲಿ ಹುಲ್ಲು ಕೊಯ್ಯುತ್ತಿದ್ದ ಒಬ್ಬರು ಕತ್ತಿ ನಿಲ್ಲಿಸಿದರು. "ಎಂತ ಹಿಡಿಯುದು ಮಾರಾಯ್ರೆ? ಮೀನಾ?"

"ಹುಳ" ಎಂದೆ.

"ಹುಳಕ್ಕೆ ಇಷ್ಟು ದೂರ ಬರ್ಬೇಕಾ? ನಮ್ಮ ಬದನೆಗಿಡದಲ್ಲಿ ಬೇಕಾದಷ್ಟು ಉಂಟಲ್ಲ. ಹೆಕ್ಕಿದ್ರೆ ನಮಗೂ ಉಪಕಾರ."

ಕೆಸರನ್ನು ಜರಡಿಯಲ್ಲಿ ತೊಳೆದು ಬಿಳಿ ಟ್ರೇಗೆ ಸುರಿದಳು. ನನಗೆ ಕಂಡದ್ದು ಕಸ. ಅರೆದು ಹೋದ ಎಲೆ, ಕಡ್ಡಿ, ಮರಳು. "ಸ್ವಲ್ಪ ಸುಮ್ಮನೆ ನೋಡಿ ಉಮ್ಮಮ್ಮ" ಎಂದಳು. ನೋಡಿದೆ. ಕಸ ನಡೆಯಲಿಕ್ಕೆ ಶುರುವಾಯಿತು. ಕೆಂಪು ನೂಲಿನ ತುಂಡಿನ ಹಾಗಿನ ಹುಳ ಎಂಟರ ಆಕಾರದಲ್ಲಿ ಮಡಚಿ ಬಿಡಿಸಿ ಈಜುತ್ತಿತ್ತು. ಸೊಳ್ಳೆಯಂತೆ ಕಾಣುವ, ಆದರೆ ಕಚ್ಚದ ಒಂದು ನೊಣದ ಮರಿ ಅಂತೆ ಅದು.

"ಕೆಂಪು ಯಾಕೆ ಅದು?"

"ನಮ್ಮ ರಕ್ತದಲ್ಲಿರುವ ಕೆಂಪಿನ ಜಾತಿಯದ್ದೇ. ಕೆಸರಿನ ಒಳಗೆ ಗಾಳಿ ಕಡಿಮೆ ಅಲ್ವಾ, ಸಿಕ್ಕಿದ ಚೂರು ಗಾಳಿಯನ್ನು ಹಿಡಿದಿಡ್ಲಿಕ್ಕೆ."

ಇಷ್ಟು ವರ್ಷ ನಾನು ನೀರು ತುಂಬಿಟ್ಟ ಪಾತ್ರೆಯ ತಳದಿಂದ ತಿಕ್ಕಿ ಎಸೆದ ಹುಳಕ್ಕೆ ನನ್ನದೇ ಕೆಂಪು! ಆಮೇಲೆ ಅವಳು ಎಲ್ಲವನ್ನೂ ಹೇಳಿದಳು. ನೀರಿಗೆ ಎಲೆ ಬೀಳುತ್ತದೆ. ಅದು ಮುಳುಗಿ ಕೊಳೆಯುತ್ತದೆ. ಕೊಳೆತ ಎಲೆಯನ್ನು ಹುಳ ತಿನ್ನುತ್ತದೆ, ನರ್ತೆ, ಅಂದರೆ ಬಸವನಹುಳು, ಕೆರೆದು ತಿನ್ನುತ್ತದೆ. ಹುಳವನ್ನು ಏರೋಪ್ಲೇನ್ ಚಿಟ್ಟೆಯ ಮರಿ ತಿನ್ನುತ್ತದೆ. ಆ ಮರಿಯನ್ನು ಮೀನು, ಮೀನನ್ನು ಕೊಕ್ಕರೆ, ನಾವು. "ಎಲ್ಲದಕ್ಕೂ ಮೊದಲು ಎಲೆ ಉಮ್ಮಮ್ಮ. ಎಲೆ ಬೀಳದಿದ್ರೆ ಕೆಳಗೆ ಇಡೀ ಊರು ಉಪವಾಸ."

ಆ ಏರೋಪ್ಲೇನ್ ಚಿಟ್ಟೆಯ ಮರಿಯನ್ನು ನಾನು ಕಣ್ಣಾರೆ ಕಂಡೆ. ಕೆಸರಿನ ಬಣ್ಣ, ಜೇಡನ ಕಾಲು, ಚಂದ ಎಂಬುದು ಹತ್ತಿರಕ್ಕೂ ಹೋಗಿಲ್ಲ. ಕೆಂಪು ಹುಳ ಮುಂದೆ ಬಂದದ್ದೇ, ಗಲ್ಲದ ಕೆಳಗೆ ಮಡಚಿಟ್ಟ ಒಂದು ಕೈಯಂಥದ್ದನ್ನು ಫಕ್ಕನೆ ಚಾಚಿ ಹಿಡಿದು ಬಾಯಿಗೆ ತಂದಿತು. ನಾನು ಹೆದರಿ ಟ್ರೇಯನ್ನೇ ಬಿಡುವವಳಿದ್ದೆ. ಅದಕ್ಕಾಗಿಯೇ ಪ್ರತಿಯೊಂದಕ್ಕೂ ಬೇರೆ ಬೇರೆ ಬಾಟಲಿ. ಒಟ್ಟಿಗೆ ಹಾಕಿದರೆ ಪುತ್ತೂರು ಮುಟ್ಟುವಾಗ ಒಂದೇ ಉಳಿಯುತ್ತದೆ, ಅದೂ ಹೊಟ್ಟೆ ತುಂಬಿಸಿಕೊಂಡು.

ಶಮೀಮಾ ಒಂದು ಟ್ರೇಯ ಹುಳಗಳನ್ನು ಚಿಮಟದಲ್ಲಿ ಹೆಕ್ಕಲು ಒಂದು ಗಂಟೆ ತೆಗೆದುಕೊಳ್ಳುತ್ತಿದ್ದಳು. ಎರಡನೇ ಸಲ ಸುರಿದಾಗ ಟ್ರೇಯನ್ನು ನಾನು ಎಳೆದುಕೊಂಡೆ. ಐವತ್ತು ವರ್ಷ ತಡ್ಪೆಯಲ್ಲಿ ಅಕ್ಕಿ ಹರಡಿ ಕಲ್ಲು ಹೆಕ್ಕಿದವಳು ನಾನು, ಕಣ್ಣಿನ ಪೊರೆಯನ್ನೂ ತೆಗೆಸಿಯಾಗಿದೆ. ಅರ್ಧ ಗಂಟೆಯಲ್ಲಿ ಮುಗಿಸಿದೆ. ಅವಳು ಪುನಃ ಹುಡುಕಿ ನೋಡಿದಳು, ಒಂದೂ ಬಾಕಿ ಇರಲಿಲ್ಲ. "ಉಮ್ಮಮ್ಮ, ನಿಮ್ಮನ್ನು ಮೊದಲೇ ಕರ್ಕೊಂಡು ಬರ್ಬೇಕಿತ್ತು" ಎಂದಳು. ನನಗೂ ಹಾಗೇ ಅನಿಸಿತು.

ಪುತ್ತೂರಿಗೆ ಹಿಂದೆ ಬಂದು ಸುಳ್ಯದ ಬಸ್ಸು ಹತ್ತುವಾಗ ಗಂಟೆ ಒಂದಾಗಿತ್ತು. ಕುಂಬ್ರ, ಕಾವು, ಜಾಲ್ಸೂರು. ಬಸ್ಸಿನ ತಗಡು ಕಾವಲಿಯ ಹಾಗೆ ಕಾದಿತ್ತು. ಬಾಟಲಿಗಳಿಗೆ ಬಿಸಿ ಆಗಬಾರದು ಎಂದು ಶಮೀಮಾ ತನ್ನ ಕುಡಿಯುವ ನೀರಿನಲ್ಲಿ ತಲೆವಸ್ತ್ರದ ತುದಿ ಒದ್ದೆ ಮಾಡಿ ಚೀಲದ ಮೇಲೆ ಹಾಕಿದಳು. ತಾನು ಬಾಯಾರಿಕೊಂಡೇ ಕೂತಳು. ಸುಳ್ಯದಲ್ಲಿ ನನ್ನ ತಂಗಿ ಮೈಮೂನಾಳ ಮನೆ. ರಾತ್ರಿ ಅಲ್ಲಿ ಉಳಿಯುವುದೆಂದು ಹೇಳಿಯಾಗಿತ್ತು. ಹುಳದ ವಿಷಯ ಹೇಳಿರಲಿಲ್ಲ. ಶಮೀಮಾ ಫ್ರಿಜ್ಜಿನ ಬಾಗಿಲು ತೆಗೆದದ್ದೇ ಮೈಮೂನಾ ಅಡ್ಡ ನಿಂತಳು.

"ನನ್ನ ಬಂಗುಡೆ ಪಕ್ಕ ನಿಮ್ಮ ಹುಳ ಇಡುದಾ? ತಲೆ ಸಮ ಉಂಟಾ ನಿಮಗೆ?"

"ನಿನ್ನ ಬಂಗುಡೆ ಎಂತ ತಿಂದು ಬೆಳೆದದ್ದು ಅಂತ ಗೊತ್ತುಂಟಾ ನಿನಗೆ?" ಎಂದೆ. ಒಂದೇ ದಿನದಲ್ಲಿ ನಾನು ಅಷ್ಟು ಕಲಿತಿದ್ದೆ. ಬಾಟಲಿಗಳು ಫ್ರಿಜ್ಜಿಗೆ ಹೋದವು, ಮೀನು ಆ ರಾತ್ರಿಯೇ ಸಾರಾಯಿತು. ಅಕ್ಕಿಹಿಟ್ಟಿನ ಪತ್ತಿರಿಯ ಜೊತೆ ತಿಂದೆವು.

ಬುಧವಾರ ಏಳು ಗಂಟೆಗೆ ಐವರ್ನಾಡಿನ ಕೆರೆಯಲ್ಲಿದ್ದೆವು. ಸುತ್ತ ರಬ್ಬರ್. ಇಲ್ಲಿ ಟ್ರೇಯಲ್ಲಿ ಎಲೆ ಜಾಸ್ತಿ, ಪ್ರಾಣಿ ಕಡಿಮೆ. ರಬ್ಬರ್ ಎಲೆ ಇವಕ್ಕೆ ರುಚಿಸುವುದಿಲ್ಲವೋ, ಬೇರೆ ಏನಾದರೂ ಕಾರಣವೋ ಎಂದು ಕೇಳಿದೆ. "ಗೊತ್ತಿಲ್ಲ" ಎಂದಳು. ಎರಡು ವರ್ಷ ಓದಿದವಳು ಗೊತ್ತಿಲ್ಲ ಎನ್ನುವುದು ನನಗೆ ಹಿಡಿಸಿತು. ನಮ್ಮಲ್ಲಿ ಎರಡು ದಿನ ಓದಿದವರಿಗೂ ಎಲ್ಲ ಗೊತ್ತಿರುತ್ತದೆ. ಸಮಯ ಸಾಲದೆ ಒಂದು ಬಾಟಲಿ ಕೆಸರನ್ನು ಹೆಕ್ಕದೆ ಹಾಗೇ ಮುಚ್ಚಿ ತೆಗೆದುಕೊಂಡೆವು. ಈ ಬಾಟಲಿಯ ಮಾತು ಮುಂದೆ ಬರುತ್ತದೆ.

ಅಲ್ಲಿಂದ ಬೆಳ್ಳಾರೆ, ನಿಂತಿಕಲ್ಲು, ಪಂಜ ಎಂದು ಬಸ್ಸು ಬದಲಿಸಿ ಬದಲಿಸಿ ಕಡಬ ಸೇರಿದಾಗ ಹನ್ನೆರಡು ಆಗುತ್ತಾ ಬಂದಿತ್ತು. ರಿಕ್ಷಾದವನು ನೂರೈವತ್ತು ಹೇಳಿ ನೂರಿಪ್ಪತ್ತಕ್ಕೆ ಬಂದ. ಕೆರೆಯ ಯಜಮಾನರು ಚಾಕೊ ಚೇಟ. ಅವರ ತಂದೆಯ ಕಾಲದಲ್ಲಿ ಕೇರಳದಿಂದ ಬಂದು ರಬ್ಬರ್ ಹಾಕಿದವರು. ಶಮೀಮಾ ದಾರಿಯುದ್ದಕ್ಕೂ ಅವರ ಕೆರೆಯನ್ನೇ ಹೊಗಳುತ್ತಿದ್ದಳು. ಮೂರರಲ್ಲಿ ಅತಿ ಹೆಚ್ಚು ಪ್ರಾಣಿ ಇರುವುದು ಅಲ್ಲಿ, ಮೊಣಕಾಲು ಹೂಳುವಷ್ಟು ಕಪ್ಪು ಕೆಸರು, ಎಂದೆಲ್ಲ.

ಚಾಕೊ ಚೇಟ ಪಂಚೆ ಎತ್ತಿ ಕಟ್ಟಿ ಕೆರೆಯ ಮೆಟ್ಟಿಲಿನ ಮೇಲೆಯೇ ನಿಂತಿದ್ದರು. ಕೈಯಲ್ಲಿ ಒಂದು ದೊಡ್ಡ ಪ್ಯಾಕೆಟ್. ಮುಖ ಹಬ್ಬದ ದಿನದ ಹಾಗೆ ಇತ್ತು.

"ಬಾ ಮೋಳೆ, ಬಾ ಮಗಳೇ, ಬನ್ನಿ ಉಮ್ಮಾ. ನೋಡಿ ಈಗ ಕೆರೆ! ಮೂರು ಜನ ಇಟ್ಟು ಎರಡು ದಿನ ಪಂಪ್ ಹಾಕಿ ಕೆಸರೆಲ್ಲ ಎತ್ತಿಸಿದೆ. ತಳದ ಊಟೆಯಿಂದ ಎದ್ದ ಹೊಸ ನೀರು. ತಳ ಕಾಣ್ತದೆ. ಕಾಲೇಜಿನಿಂದ ಪರೀಕ್ಷೆಗೆ ಬರ್ತಾರೆ ಅಂತ ಆದ್ಮೇಲೆ ಗಲೀಜು ಇಡ್ಲಿಕ್ಕೆ ಆಗ್ತದಾ? ಬ್ಲೀಚಿಂಗ್ ಪೌಡರ್ ಮಾತ್ರ ಬಾಕಿ. ನಿಮ್ಮ ಎದುರೇ ಹಾಕುವಾ ಅಂತ ಕಾದದ್ದು."

ತಳ ನಿಜಕ್ಕೂ ಕಾಣುತ್ತಿತ್ತು. ಮುರಕಲ್ಲು, ತೊಳೆದ ಅಂಗಳದ ಹಾಗೆ. ಶಮೀಮಾ ಚೀಲವನ್ನು ನಿಧಾನ ಕೆಳಗಿಟ್ಟು ಮೆಟ್ಟಿಲಿನಲ್ಲಿ ಕೂತಳು. ನಾನು ಮೊದಲು ಮಾಡಿದ ಕೆಲಸ ಅವರ ಕೈಯಿಂದ ಪ್ಯಾಕೆಟ್ ತೆಗೆದುಕೊಂಡದ್ದು. "ಇದು ಇಲ್ಲಿರ್ಲಿ ಚೇಟ. ಸ್ವಲ್ಪ ಕುಡಿಯುವ ನೀರು ಕೊಡಿ." ಅವರು ಒಳಗೆ ಹೋದರು.

"ಎತ್ತಿದ ಕೆಸರು ಎಲ್ಲಿ?" ಎಂದು ಕೇಳಿದೆ.

"ತೆಂಗಿನ ಬುಡಕ್ಕೆ ಹಾಕಿದ್ದಾರೆ, ಒಣಗಿದೆ. ಅದು ಪ್ರಯೋಜನ ಇಲ್ಲ." ಶಮೀಮಾ ಆ ಕಡೆ ಕೈ ತೋರಿಸಿದಳು. "ಒಂದು ವರ್ಷ ಹೋಯ್ತು ಉಮ್ಮಮ್ಮ."

"ನೀನು ಒಮ್ಮೆಯಾದ್ರೂ ಇವರಿಗೆ ಹೇಳಿದ್ದೀಯಾ, ನಿನಗೆ ಬೇಕಾದ್ದು ಕೆಸರು, ನೀರಲ್ಲ ಅಂತ?"

"ಅವರು ಕೇಳ್ಲಿಲ್ಲ. ನಾನು ಹೇಳ್ಲಿಲ್ಲ."

"ಎರಡು ಸಲ ಬಂದು ಅವರ ಮನೆಯ ಚಾ ಕುಡಿದು ಹೋಗಿದ್ದೀಯ. ಮನೆಗೆ ಜನ ಬರುವಾಗ ಯಾರಾದ್ರೂ ಗುಡಿಸದೆ ಇರ್ತಾರಾ? ತಪ್ಪು ಅವರದ್ದಲ್ಲ."

ಬೈದದ್ದು ಬೈದೆ. ಆದರೆ ಅವಳ ಮುಖ ನೋಡಲಾಗಲಿಲ್ಲ. ಆಗ ನಾನು ಒಂದು ಮಾತು ಹೇಳಿದೆ. ಮುಚ್ಚಿಡುವುದಿಲ್ಲ, ಇಲ್ಲಿ ಬರೆಯುತ್ತೇನೆ. "ಐವರ್ನಾಡಿನ ಹೆಕ್ಕದ ಬಾಟಲಿ ಒಂದು ಉಂಟಲ್ಲ. ಅದನ್ನೇ ಇಲ್ಲಿಯದ್ದು ಅಂತ ಬರೆ. ಕೆಸರಿನ ಮೇಲೆ ಊರಿನ ಹೆಸರು ಇರ್ತದಾ?"

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. "ಹಾಗಾದ್ರೆ ನಿನ್ನೆಯಿಂದ ನೀವು ಬಿಸಿಲಿನಲ್ಲಿ ಕೂತು ಹೆಕ್ಕಿದ್ದು ಎಂತಕ್ಕೆ? ಮನೆಯಲ್ಲಿ ಫ್ಯಾನಿನ ಅಡಿಯಲ್ಲಿ ಕೂತು ಬಾಯಿಗೆ ಬಂದ ನಂಬರ್ ಬರೀಬಹುದಿತ್ತಲ್ಲ."

ವರ್ಷ ಕಳಕೊಂಡು ಕೂತಿದ್ದಾಳೆ, ಆದರೂ ಒಂದು ಬಾಟಲಿ ಸುಳ್ಳು ಬೇಡ ಎನ್ನುತ್ತಾಳೆ. ಇವಳನ್ನು ನಾನು ಚಿಕ್ಕಂದಿನಿಂದ ಎತ್ತಿ ಆಡಿಸಿದ್ದೇನೆ, ಆದರೆ ಆ ಮೆಟ್ಟಿಲಿನ ಮೇಲೆ ಮೊದಲ ಸಲ ಕಂಡ ಹಾಗಾಯಿತು.

ಚಾಕೊ ಚೇಟ ನೀರು ತಂದರು. ಶಮೀಮಾ ಎದ್ದು ನಿಂತು, ತನಗೆ ಬೇಕಿದ್ದದ್ದು ಏನು ಎಂದು ಅವರಿಗೆ ನಿಧಾನವಾಗಿ ಹೇಳಿದಳು. ಮೊದಲೇ ಹೇಳದಿದ್ದದ್ದು ತನ್ನ ತಪ್ಪು ಎಂದಳು. ಅವರ ಮುಖದ ಹಬ್ಬ ಇಳಿಯಿತು. ಅಡುಗೆಮನೆಯ ಕಿಟಕಿಯಿಂದ ಅವರ ಹೆಂಡತಿ ಏಲಿಯಮ್ಮನ ಸ್ವರ ಬಂತು.

"ನಾನು ಹೇಳ್ಳಿಲ್ವಾ? ಆ ಹುಡುಗಿ ಕೊಂಡುಹೋಗುದು ಕೆಸರು, ಕೆಸರು ಅಂತ ನೂರು ಸಲ ಹೇಳಿದೆ. ಹೆಂಡತಿ ಮಾತು ಕೇಳಿದ್ರೆ ಇವರ ಕಿವಿ ಉದುರಿ ಬೀಳ್ತದೆ!"

"ನೀನು ಸುಮ್ಮನಿರು" ಎಂದರು ಚೇಟ. ಆದರೆ ಸ್ವರದಲ್ಲಿ ಜೋರು ಇರಲಿಲ್ಲ.

ಮಧ್ಯಾಹ್ನದ ಲುಹರ್ ನಮಾಜಿನ ಹೊತ್ತಾಗಿತ್ತು. ಜಗಲಿಯಲ್ಲಿ ನಮಾಜು ಮಾಡುತ್ತೇನೆ ಎಂದಾಗ ಏಲಿಯಮ್ಮ ಒಳಗಿಂದ ಹೊಸ ಚಾಪೆ ತಂದು ಹಾಸಿದರು. ಕೇದಗೆ ಓಲೆಯದ್ದು, ಅವರೇ ಹೆಣೆದದ್ದು, ಇನ್ನೂ ಯಾರೂ ಕೂತಿರಲಿಲ್ಲ. ನಾನು ಸುಜೂದಿಗೆ ಹಣೆ ಇಟ್ಟಾಗ ಚಾಪೆಯಿಂದ ಕೆರೆಯ ವಾಸನೆ ಬಂತು. ಕೆಸರು, ಕೊಳೆತ ಎಲೆ. ನಮಾಜಿನ ನಡುವೆ ಮನಸ್ಸು ಕೆಸರಿಗೆ ಹೋದದ್ದು ತಪ್ಪು, ಪಡೆದವನು ಕ್ಷಮಿಸಲಿ. ಸಲಾಂ ಹೇಳಿ ಮುಗಿಸಿದವಳೇ ಕೇಳಿದೆ, "ಏಲಿಯಮ್ಮ, ಈ ಓಲೆ ನೆನೆ ಹಾಕುದು ಎಲ್ಲಿ?"

ಅವರ ಮಲಯಾಳ, ನನ್ನ ಬ್ಯಾರಿ. ಇಬ್ಬರಿಗೂ ತೊಂದರೆ ಇಲ್ಲ. "ಕೆರೆಯಲ್ಲೇ. ಬೇಯಿಸಿದ ಮೇಲೆ ಮೂರು ದಿನ ನೀರಿನಲ್ಲಿ ಇಡ್ಬೇಕು. ಆಚೆ ಮೂಲೆಯಲ್ಲಿ, ಕೇದಗೆ ಪೊದೆ ಅಡಿಯಲ್ಲಿ ಈಗ್ಲೂ ನಾಲ್ಕು ಕಟ್ಟು ಉಂಟು."

"ಕೆಸರು ತೆಗೆದವರು ಆ ಮೂಲೆಗೂ ಹೋಗಿದ್ರಾ?"

ಏಲಿಯಮ್ಮ ಸೊಂಟಕ್ಕೆ ಕೈ ಕೊಟ್ಟರು. "ಹೋಗಿ ನೋಡ್ಲಿ! ನನ್ನ ಓಲೆ ಕಟ್ಟಿಗೆ ಕೈ ಹಾಕಿದ್ರೆ ಮಧ್ಯಾಹ್ನ ಗಂಜಿ ಇಲ್ಲ ಅಂತ ಹೇಳಿದ್ದೆ."

ನಾನು ಚಪ್ಪಲಿ ಹಾಕದೆ ಕೆರೆಗೆ ಓಡಿದೆ. ಅರುವತ್ತೆಂಟು ವರ್ಷದ ಹೆಂಗಸು ಓಡುವುದನ್ನು ನೋಡಿ ಚಾಕೊ ಚೇಟನೂ ಓಡಿ ಬಂದರು. ಪೊದೆಯ ಅಡಿಯಲ್ಲಿ, ಓಲೆ ತೇಲಿ ಹೋಗದ ಹಾಗೆ ಸಾಲಾಗಿ ಇಟ್ಟ ಕಲ್ಲುಗಳ ಒಳಗೆ, ಒಂದು ಮಂಚದಷ್ಟು ಜಾಗ. ಪಂಪ್ ಹಾಕಿದಾಗಲೂ ಕಲ್ಲಿನ ಒಳಗಿನ ನೀರು ಹೋಗಿರಲಿಲ್ಲ. ಕಪ್ಪು ಕೆಸರು ಹಾಗೇ ಇತ್ತು. ಶಮೀಮಾ ಪುಸ್ತಕ ತೆಗೆದು ನಕ್ಷೆ ನೋಡಿದಳು. ಅವಳ ಮೂರು ಜಾಗಗಳಲ್ಲಿ ಒಂದು ಇಲ್ಲಿಯೇ!

ಪೈಪು ಇಳಿಸಿದಳು. ಟ್ರೇಯಲ್ಲಿ ಕೆಂಪು ಹುಳ ಎಷ್ಟಿದ್ದವೆಂದರೆ ನೂಲಿನ ಉಂಡೆ ಬಿಚ್ಚಿ ಹರಡಿದಂತೆ. ನರ್ತೆ, ಉಗುರಿನಷ್ಟು ಚಿಕ್ಕ ಚಿಪ್ಪು, ಏರೋಪ್ಲೇನ್ ಚಿಟ್ಟೆಯ ಮರಿ ನಾಲ್ಕು. ಒಂದರ ಬಾಯಲ್ಲಿ ಆಗಲೇ ಕೆಂಪು ಹುಳ ನೇತಾಡುತ್ತಿತ್ತು. ಏಲಿಯಮ್ಮ ಬಗ್ಗಿ ನೋಡಿ, "ಅಯ್ಯೋ, ಇವರೆಲ್ಲ ನನ್ನ ಓಲೆ ಅಡಿಯಲ್ಲಿ ಸಂಸಾರ ಮಾಡ್ತಿದ್ದಾರಾ?" ಎಂದರು. ಶಮೀಮಾ ಬರೆದುಕೊಂಡಳು. ಕೆರೆ ಗುಡಿಸಿದ್ದು, ಮೂರರಲ್ಲಿ ಒಂದೇ ಜಾಗ ಉಳಿದದ್ದು, ಅಲ್ಲಿ ಓಲೆ ನೆನೆ ಹಾಕಿದ್ದು, ಎಲ್ಲ.

"ಅದನ್ನೂ ಬರೀತೀಯಾ?" ಎಂದು ಏಲಿಯಮ್ಮ ಕೇಳಿದರು.

"ಬರೀಬೇಕು ಅಮ್ಮಚ್ಚಿ. ಹುಳ ಜಾಸ್ತಿ ಆದದ್ದು ಓಲೆಯಿಂದಲೂ ಇರಬಹುದಲ್ಲ."

ಆಮೇಲೆ ಫೋನಿನಲ್ಲಿ ತನ್ನ ಸಂಶೋಧನೆ ನೋಡಿಕೊಳ್ಳುವ ಮೇಡಂಗೆ ಎಲ್ಲವನ್ನೂ ಹೇಳಿದಳು. ಬಹಳ ಹೊತ್ತು ಮಾತಾಡಿದಳು. ನಾವು ಮೂವರು ಮುದುಕರು ಮೆಟ್ಟಿಲಿನ ಮೇಲೆ ರಿಸಲ್ಟಿಗೆ ಕಾಯುವ ಮಕ್ಕಳ ಹಾಗೆ ಕೂತಿದ್ದೆವು. ಫೋನು ಇಟ್ಟು ಬಂದಳು. ಒಂದು ಜಾಗದ್ದಾದರೂ ಸಿಕ್ಕಿದ್ದರಿಂದ ವರ್ಷ ಪೂರ್ತಿ ಹಾಳಾಗಲಿಲ್ಲ, ಆದರೆ ಅಷ್ಟು ಸಾಲದು. ಗುಡಿಸಿದ ತಳಕ್ಕೆ ಯಾರು ಮೊದಲು ಬರುತ್ತಾರೆ, ಯಾರು ಆಮೇಲೆ ಬರುತ್ತಾರೆ ಎಂದು ತಿಂಗಳು ತಿಂಗಳು ನೋಡಿ ಸೇರಿಸಿದರೆ ಕೆಲಸ ಉಳಿಯುತ್ತದೆ ಎಂದು ಮೇಡಂ ಹೇಳಿದರಂತೆ. ಹಾಗೆ ಆಗಬೇಕಾದರೆ ಕೆರೆಯನ್ನು ಯಾರೂ ಮುಟ್ಟಬಾರದು. ಬ್ಲೀಚಿಂಗ್ ಇಲ್ಲ, ಸುಣ್ಣ ಇಲ್ಲ, ಎಲೆ ತೆಗೆಯುವುದೂ ಇಲ್ಲ.

ಎಲ್ಲರೂ ಚಾಕೊ ಚೇಟನ ಮುಖ ನೋಡಿದೆವು. ಅವರು ಎರಡು ದಿನ ಬೆನ್ನು ಮುರಿದು ತೊಳೆಸಿದ ಕೆರೆಯನ್ನು ನೋಡಿದರು. ಕಣ್ಣ ಮುಂದೆಯೇ ಪುನಃ ಗಲೀಜಾಗಲಿಕ್ಕೆ ಬಿಡಬೇಕು. ಅವರಂಥ ಮನುಷ್ಯನಿಗೆ ಅದು ಸಣ್ಣ ಮಾತಲ್ಲ. ಅವರ ಅಂಗಳದಲ್ಲಿ ಒಂದು ಕಡ್ಡಿ ಇರಲಿಲ್ಲ, ಕೊಟ್ಟಿಗೆಯಲ್ಲಿ ಸೆಗಣಿಯ ಗುರುತಿರಲಿಲ್ಲ.

"ಪುಸ್ತಕದಲ್ಲಿ ನನ್ನ ಕೆರೆ ಗಲೀಜು ಅಂತ ಬರೀತೀಯಾ ಮೋಳೆ?" ಎಂದು ಕೇಳಿದರು.

"ಇಲ್ಲ ಚಾಚಾ. ಜೀವ ಉಂಟು ಅಂತ ಬರೀತೇನೆ."

ಅವರು ನನ್ನ ಪಕ್ಕದಲ್ಲಿದ್ದ ಬ್ಲೀಚಿಂಗ್ ಪ್ಯಾಕೆಟ್ ಎತ್ತಿ ಹೆಂಡತಿಯ ಕೈಗೆ ಕೊಟ್ಟರು. "ಬಚ್ಚಲಿಗೆ ಇಡು" ಎಂದರು. ಅಷ್ಟೇ.

ಮರಗೆಣಸು, ಮೀನು ಸಾರು, ಹಾಲಿಲ್ಲದ ಕಟ್ಟನ್ ಚಾಯ. ಮರಗೆಣಸು ಬೆಣ್ಣೆಯ ಹಾಗೆ ಬೆಂದಿತ್ತು, ಸಾರಿಗೆ ಹುಳಿ ಒಂಚೂರು ಮುಂದೆ. ಏಲಿಯಮ್ಮನಿಗೆ ಹೇಳಿದೆ. "ಬರುವ ತಿಂಗಳು ಬರುವಾಗ ಕಡಿಮೆ ಹಾಕ್ತೇನೆ" ಎಂದರು. ನಾನು ಬರುವುದಾಗಿ ಯಾರಿಗೂ ಹೇಳಿರಲಿಲ್ಲ. ಆದರೆ ಬರುವುದು ಹೌದು. ಟ್ರೇ ಹೆಕ್ಕಲಿಕ್ಕೆ ಆ ಹುಡುಗಿಗೆ ಬೇರೆ ಯಾರಿದ್ದಾರೆ?

ನಾಲ್ಕೂವರೆಗೆ ರಿಕ್ಷಾ ಬಂತು. ಕಡಬದಿಂದ ಸವಣೂರಿನ ಮೇಲಾಗಿ ಹೋಗುವ ಬಸ್ಸು ಸಿಕ್ಕಿದರೆ ಪುತ್ತೂರಿಗೆ ಹೋಗದೆ ನರಿಮೊಗರಿನಲ್ಲೇ ಇಳಿಯಬಹುದು. ಮೋಡ ಕಟ್ಟಿ ಗಾಳಿ ಎದ್ದಿತ್ತು. ರಬ್ಬರ್ ತೋಟದಿಂದ, ಹಲಸಿನ ಮರದಿಂದ ಎಲೆಗಳು ಹಾರಿ ಬಂದು ಆ ಕನ್ನಡಿಯಂಥ ನೀರಿನ ಮೇಲೆ ಬೀಳುತ್ತಿದ್ದವು. ಶಮೀಮಾ ಬಾಟಲಿಯ ಚೀಲವನ್ನು ಮಡಿಲಲ್ಲಿ ಹಿಡಿದು ಕೂತಿದ್ದಳು.

ರಿಕ್ಷಾ ತಿರುವಿನಲ್ಲಿ ನಿಧಾನ ಆದಾಗ ನಾನು ಹಿಂದೆ ತಿರುಗಿ ನೋಡಿದೆ. ಚಾಕೊ ಚೇಟ ಕೆರೆಯ ಕೆಳಗಿನ ಮೆಟ್ಟಿಲಿಗೆ ಇಳಿದು ಬಗ್ಗಿದ್ದರು. ಇಷ್ಟು ವರ್ಷದ ಅಭ್ಯಾಸ. ಒಂದು ಹಲಸಿನ ಎಲೆಯನ್ನು ನೀರಿನಿಂದ ಎತ್ತಿ ಕೊಡವಿದರು. ಇನ್ನೇನು ಬಿಸಾಡಬೇಕು, ಅಷ್ಟರಲ್ಲಿ ತಲೆ ಎತ್ತಿ ನಮ್ಮ ರಿಕ್ಷಾದ ಕಡೆ ನೋಡಿದರು. ಮತ್ತೆ ಬಗ್ಗಿ ಎಲೆಯನ್ನು ಮೆಲ್ಲಗೆ ನೀರಿನ ಮೇಲೆ ಇಟ್ಟರು.